ಸಾಲದ ನಂತರ ಊರಿಗೆ: ಮೊದಲ ವರ್ಷವನ್ನು ದಾಟುವ ಬಗೆ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದವರು, ಬಾಡಿಗೆ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತಿದ್ದವರು, ಹತ್ತಾರು ವರ್ಷ ಸಂಬಳಕ್ಕೆ ದುಡಿದು ಒಂದು ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಸಾಲಕ್ಕೆ ಸಿಕ್ಕವರು, ಕೊನೆಗೆ ಊರಿನ ಜಮೀನನ್ನೂ ಹಳೆಯ ಮನೆಯನ್ನೂ ನೆನೆಯುತ್ತಾರೆ. ಈ ಬರಹ ಅಂಥ ಕುಟುಂಬಗಳಿಗಾಗಿ. ತುಮಕೂರು, ಮಂಡ್ಯ, ಹಾಸನ, ಚಿಕ್ಕಬಳ್ಳಾಪುರದ ಕಡೆಯ ಬಯಲುಸೀಮೆಯಲ್ಲಿ ಎರಡು ಮೂರು ಎಕರೆ ಖುಷ್ಕಿ (ಮಳೆಯನ್ನೇ ನಂಬಿದ) ಜಮೀನು, ಅದರಲ್ಲಿಯೂ ಅಣ್ಣತಮ್ಮಂದಿರ ಪಾಲು, ವಾಸಕ್ಕೆ ಒಂದು ಹೆಂಚಿನ ಮನೆ, ಇಷ್ಟು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಲೆನಾಡು ಮತ್ತು ಕರಾವಳಿಯವರಿಗೆ ಬೆಳೆಯ ಮಾತು ಬೇರೆಯಾಗುತ್ತದೆ. ಸಾಲದ ಮತ್ತು ಕಾಗದಪತ್ರದ ಮಾತು ರಾಜ್ಯದ ಯಾವ ಮೂಲೆಗಾದರೂ ಅನ್ವಯಿಸುತ್ತದೆ.

ಮುಂದಿನ ಎಲ್ಲ ಹೆಜ್ಜೆಗಳೂ ಒಂದೇ ನಿಯಮಕ್ಕೆ ಹೊಂದಿಕೊಂಡಿವೆ: ಊರಿಗೆ ಹೋದ ಮೊದಲ ಹನ್ನೆರಡು ತಿಂಗಳು ಯಾವ ಕಾರಣಕ್ಕೂ ಹೊಸ ಸಾಲ ಮಾಡಬಾರದು. ನಗರದ ಸಾಲಕ್ಕಿಂತ ಊರಿಗೆ ಬಂದ ಮೇಲೆ ಆತುರದಿಂದ ಮಾಡಿದ ಸಾಲವೇ, ಅಂದರೆ ಕೊಳವೆಬಾವಿಗೆ, ಒಟ್ಟಿಗೆ ಮೂರು ಹಸುವಿಗೆ, ಪಾಲಿಹೌಸ್‌ಗೆ ತಂದ ಹಣವೇ, ಕುಟುಂಬವನ್ನು ಎರಡನೆಯ ಬಾರಿ ಕೆಡವುತ್ತದೆ. ಎರಡನೆಯ ಬಾರಿ ಬಿದ್ದಾಗ ಮರಳಿ ಹೋಗಲು ಇನ್ನೊಂದು ಊರು ಇರುವುದಿಲ್ಲ.

ಹೊರಡುವ ಮೊದಲು ಸಾಲದ ಲೆಕ್ಕ

ಮೊದಲ ಕೆಲಸ ಗಂಡ ಹೆಂಡತಿ ಇಬ್ಬರೂ ಕುಳಿತು, ತಿಳಿವಳಿಕೆ ಬಂದ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು, ಎಲ್ಲ ಸಾಲವನ್ನೂ ಒಂದೇ ಹಾಳೆಯ ಮೇಲೆ ಬರೆಯುವುದು. ಬ್ಯಾಂಕ್, ಫೈನಾನ್ಸ್ ಕಂಪನಿ, ಎತ್ತಿದ ಮೇಲೆ ಕಟ್ಟಬೇಕಾಗಿರುವ ಚೀಟಿಯ ಕಂತು, ಅಡವಿಟ್ಟ ಒಡವೆ, ಮೊಬೈಲ್ ಆ್ಯಪ್‌ನಲ್ಲಿ ಪಡೆದದ್ದು, ನೆಂಟರ ಕೈಸಾಲ, ಯಾವುದನ್ನೂ ಮುಚ್ಚಿಡಬಾರದು. ಪ್ರತಿಯೊಂದರ ಎದುರು ಉಳಿದ ಅಸಲು, ಬಡ್ಡಿಯ ದರ, ಅಡಮಾನವೇನು, ಜಾಮೀನು ಹಾಕಿದವರು ಯಾರು ಎಂಬುದನ್ನು ಬರೆಯಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಸಾಲವೆಂದರೆ ವರ್ಷಕ್ಕೆ ಶೇ 36ರ ಬಡ್ಡಿ. ಕಾಗದದ ಮೇಲೆ ಬರೆದಾಗಲೇ ಅದರ ಭಾರ ಕಣ್ಣಿಗೆ ಬೀಳುತ್ತದೆ. ಮನೆಯ ಹೆಣ್ಣುಮಗಳಿಗೆ ತಿಳಿಯದ ಸಾಲವೊಂದು ಊರಿಗೆ ಹೋದ ಮೇಲೆ ಹೊರಬಿದ್ದರೆ, ಹಣಕ್ಕಿಂತ ಮೊದಲು ಮನೆಯೊಳಗಿನ ನಂಬಿಕೆ ಹೋಗುತ್ತದೆ. ಅದನ್ನು ಮರಳಿ ಗಳಿಸುವುದು ಬಹಳ ಕಷ್ಟ.

ತೀರಿಸುವ ಕ್ರಮದಲ್ಲಿ, ಕೈಯಲ್ಲಿರುವ ಹಣ ಮೊದಲು ಹೋಗಬೇಕಾದದ್ದು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಮತ್ತು ಸಂಬಂಧಿಕರೊಬ್ಬರು ಜಾಮೀನು ನಿಂತ ಸಾಲಕ್ಕೆ ಎಂಬುದು ನನ್ನ ಅಭಿಪ್ರಾಯ. ನೀವು ಕಟ್ಟದಿದ್ದರೆ ಜಾಮೀನುದಾರರ ಸಂಬಳಕ್ಕೆ ಕೈ ಬೀಳುತ್ತದೆ, ಊರಿನಲ್ಲಿ ನಿಮಗೆ ನೆರವಾಗಬೇಕಾದವರೂ ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.

ಬ್ಯಾಂಕಿನವರಿಗೆ ತಿಳಿಸದೆ ಊರು ಬಿಡುವುದು ಅತ್ಯಂತ ಕೆಟ್ಟ ದಾರಿ. ಆದಾಯ ಕುಸಿದ ಕಾರಣವನ್ನೂ ಹೊಸ ವಿಳಾಸವನ್ನೂ ಬರಹದಲ್ಲಿ ಕೊಟ್ಟು, ಕಂತಿನ ಅವಧಿ ವಿಸ್ತರಿಸಲು ಅಥವಾ ಒಂದು ಬಾರಿಯ ತೀರುವಳಿಗೆ, ಅಂದರೆ ಬಾಕಿಗಿಂತ ಕಡಿಮೆ ಮೊತ್ತ ಕಟ್ಟಿ ಸಾಲ ಮುಗಿಸಲು, ಕೋರಿಕೆ ಸಲ್ಲಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಒಂದು ಬಾರಿಯ ತೀರುವಳಿಯಲ್ಲಿ ಮೊತ್ತ ಕಡಿಮೆಯಾಗುತ್ತದೆ ನಿಜ. ಆದರೆ ಸಾಲದ ಚರಿತ್ರೆಯಲ್ಲಿ ಅದು ಪೂರ್ಣ ಪಾವತಿ ಎಂದು ದಾಖಲಾಗುವುದಿಲ್ಲ, ಮುಂದೆ ಸಾಲ ಪಡೆಯುವಾಗ ಅಡ್ಡಿಯಾಗುತ್ತದೆ. ಒಪ್ಪಿದ ಮೊತ್ತವನ್ನು ಬ್ಯಾಂಕಿನ ಪತ್ರದಲ್ಲಿ ಕಂಡ ಮೇಲೆಯೇ ಹಣ ಕಟ್ಟಿ, ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ಪಡೆಯಿರಿ. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ಸೂಚಿಸಿದೆ. ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಸಿಗುತ್ತದೆ, ಸಹಾಯವಾಣಿ 15100. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಈ ನೆರವು ಉಚಿತ.

ಒಂದು ವಿಷಯದಲ್ಲಿ ದೃಢವಾಗಿರಬೇಕು. ಅಡಮಾನವಿಲ್ಲದ ನಗರದ ಸಾಲವನ್ನು ತೀರಿಸಲು ಊರಿನ ಜಮೀನನ್ನು ಅಡವಿಡಬೇಡಿ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಇಷ್ಟಾದರೂ ಅವರು ಸಿವಿಲ್ ದಾವೆ ಹೂಡಬಹುದು. ಆ ದಾರಿ ದೀರ್ಘ, ನಡುವೆ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ. ಖಾಸಗಿ ಲೇವಾದೇವಿಯವರ ಬಳಿ ಜಮೀನಿನ ಕ್ರಯಪತ್ರ ಬರೆದುಕೊಟ್ಟರೆ ಆ ಅವಕಾಶವೂ ಉಳಿಯುವುದಿಲ್ಲ.

ಸಾಲಕ್ಕೆ ಸಹಿ ಹಾಕಿದವರು ಈ ದಿನಗಳಲ್ಲಿ ಮಾತು ಕಡಿಮೆ ಮಾಡಿ, ನಿದ್ದೆಗೆಟ್ಟು, ಎಲ್ಲ ತಪ್ಪನ್ನೂ ತಮ್ಮ ಮೇಲೆ ಹೊತ್ತುಕೊಂಡಿರುತ್ತಾರೆ. ಮನೆಯವರು ಅವರನ್ನು ಒಂಟಿಯಾಗಿ ಬಿಡಬಾರದು. ಮಾನಸಿಕ ನೆರವಿನ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ಸಾಲದ ಪಟ್ಟಿಯ ಅದೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಕೈಯಲ್ಲಿ ಉಳಿಯಬೇಕಾದ ಹಣ

ಬಾಡಿಗೆ ಮನೆಯ ಅಡ್ವಾನ್ಸ್, ಭೋಗ್ಯದ ಮನೆಯಾಗಿದ್ದರೆ ಭೋಗ್ಯದ ಹಣ, ಇದೇ ಅನೇಕರಿಗೆ ಕೊನೆಯ ದೊಡ್ಡ ಮೊತ್ತ. ಕರಾರಿನಲ್ಲಿರುವಷ್ಟು ದಿನ ಮುಂಚೆ ಮಾಲೀಕರಿಗೆ ಬರಹದಲ್ಲಿ ತಿಳಿಸದಿದ್ದರೆ ಇದು ತಿಂಗಳುಗಟ್ಟಲೆ ತಡವಾಗುತ್ತದೆ, ಮನೆಯ ಕೀಲಿ ಕೊಟ್ಟ ಮೇಲೆ ಕೇಳುವುದು ಇನ್ನೂ ಕಷ್ಟ. ಸಾಲಗಾರರ ಒತ್ತಡಕ್ಕೆ ಮಣಿದು ಈ ಹಣವನ್ನು ಪೂರ್ತಿ ಹಂಚಿಬಿಡಬೇಡಿ. ಕನಿಷ್ಠ ಆರು ತಿಂಗಳ ಮನೆಖರ್ಚು, ಸಾಧ್ಯವಾದರೆ ಒಂದು ವರ್ಷದ್ದು, ಪ್ರತ್ಯೇಕ ಖಾತೆಯಲ್ಲಿ ಉಳಿಯಲಿ. ಸಾಲವಿರುವ ಬ್ಯಾಂಕಿನಲ್ಲಿಯೇ ಈ ಹಣವನ್ನು ಇಡಬೇಡಿ, ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ.

ಊರಿನ ಖರ್ಚು ತೀರಾ ಕಡಿಮೆ ಎಂಬ ಎಣಿಕೆ ಸರಿಯಲ್ಲ. ಬಾಡಿಗೆ ಉಳಿಯುತ್ತದೆ, ಆದರೆ ಸೋರುವ ಹೆಂಚು, ಬಚ್ಚಲು, ಶೌಚಾಲಯದ ದುರಸ್ತಿ, ತಾಲ್ಲೂಕು ಕೇಂದ್ರಕ್ಕೆ ಓಡಾಟ, ಹಬ್ಬ, ಜಾತ್ರೆ, ನೆಂಟರ ಮನೆಯ ಮದುವೆಗೆ ಹಾಕಬೇಕಾದ ಮುಯ್ಯಿ, ಇವೆಲ್ಲ ಸೇರುತ್ತವೆ. ಮುಯ್ಯಿಯನ್ನು ಮೊದಲ ವರ್ಷ ಮಿತಿಯಲ್ಲಿ ಇಡುವುದಾಗಿ ಹತ್ತಿರದವರಿಗೆ ಮೊದಲೇ ಹೇಳುವುದು ಒಳ್ಳೆಯದು. ನಿಮ್ಮ ಸ್ಥಿತಿ ಊರಿಗೆ ಹೇಗೂ ತಿಳಿದಿರುತ್ತದೆ.

ಮಾರುವಾಗ ಸೋಫಾ, ದೊಡ್ಡ ಟಿವಿ, ಕಾರು ಹೋಗಲಿ. ಹೊಲಿಗೆ ಯಂತ್ರ, ವೆಲ್ಡಿಂಗ್ ಸೆಟ್, ಎಲೆಕ್ಟ್ರೀಷಿಯನ್ ಪೆಟ್ಟಿಗೆ, ಗ್ರೈಂಡರ್, ದ್ವಿಚಕ್ರ ವಾಹನ, ಮಕ್ಕಳ ಓದಿಗೆ ಬೇಕಾದ ಲ್ಯಾಪ್‌ಟಾಪ್, ಹೀಗೆ ನಾಲ್ಕು ಕಾಸು ತರಬಲ್ಲ ಯಾವುದನ್ನೂ ಮಾರಬೇಡಿ.

ಜಮೀನಿನ ಕಾಗದ, ಅದಕ್ಕಿಂತ ಮೊದಲು ಅಣ್ಣತಮ್ಮಂದಿರ ಮಾತು

ನಿಮ್ಮ ಪಾಲಿನ ಜಮೀನನ್ನು ಇಷ್ಟು ವರ್ಷ ಅಣ್ಣನೋ ಚಿಕ್ಕಪ್ಪನೋ ಉತ್ತು ಕಾಪಾಡಿರುತ್ತಾರೆ. ಬೇಲಿ ಕಟ್ಟಿದವರು ಅವರು, ಕಂದಾಯ ಕಟ್ಟಿದವರು ಅವರು, ತಂದೆತಾಯಿಯನ್ನು ನೋಡಿಕೊಂಡವರೂ ಬಹುಪಾಲು ಅವರೇ. ಸಾಮಾನಿನ ಗಾಡಿಯ ಜೊತೆಗೆ ಬಂದು ಪಾಲು ಕೇಳಿದರೆ ಮೊದಲ ದಿನವೇ ಮನಸ್ಸು ಮುರಿಯುತ್ತದೆ. ಎರಡು ಮೂರು ತಿಂಗಳು ಮುಂಚೆಯೇ ಊರಿಗೆ ಹೋಗಿ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಯಾವ ಹೊಲ ಯಾವಾಗಿನಿಂದ ನಿಮ್ಮ ಸಾಗುವಳಿಗೆ ಬರುತ್ತದೆ, ನಿಂತಿರುವ ಬೆಳೆ ಯಾರದು, ಅವರು ಮಾಡಿದ ಖರ್ಚಿಗೆ ಏನು, ಮನೆಯ ಯಾವ ಭಾಗ ಯಾರಿಗೆ ಎಂಬುದನ್ನು ಮಾತಾಡಿ ಮುಗಿಸಿ, ತೀರ್ಮಾನವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ನಿಂತ ಬೆಳೆಯನ್ನು ಬೆಳೆದವರೇ ಕೊಯ್ದುಕೊಳ್ಳಲಿ. ಒಂದು ಹಂಗಾಮು ಬಿಟ್ಟುಕೊಟ್ಟರೆ ನಿಮಗಾಗುವ ನಷ್ಟ ಚಿಕ್ಕದು, ಉತ್ತುಕೊಡಲು ಎತ್ತು ಅಥವಾ ಟ್ರ್ಯಾಕ್ಟರ್, ಹಾಲು ಕರೆಯಲು ಕಲಿಸುವವರು, ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯುವವರು ಅವರೇ ಆಗಿರುತ್ತಾರೆ.

ಮಾತು ಮುಗಿದ ಮೇಲೆ ಕಾಗದ. ಜಮೀನಿನ ಹಕ್ಕಿನ ದಾಖಲೆಯಾದ ಪಹಣಿ ತೆಗೆಸಿ ಎರಡು ಕಲಂಗಳನ್ನು ಗಮನವಿಟ್ಟು ಓದಿ: 9ನೆಯದರಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ಯಾವ ಸಾಲ ಅಥವಾ ತಕರಾರು ನಮೂದಾಗಿದೆ. ತಂದೆ ಎಂದೋ ತೀರಿಸಿದ ಸೊಸೈಟಿ ಸಾಲ 11ನೆಯ ಕಲಂನಲ್ಲಿ ಹಾಗೆಯೇ ಉಳಿದಿರುವುದು ಉಂಟು. ಸೊಸೈಟಿಯಿಂದ ಬೇಬಾಕಿ ಪತ್ರ ತಂದು ಋಣ ತೆಗೆಸದಿದ್ದರೆ ಮುಂದೆ ಬೆಳೆಸಾಲಕ್ಕೆ ತೊಡಕಾಗುತ್ತದೆ. ಖಾತೆ ಇನ್ನೂ ತಾತನ ಅಥವಾ ತಂದೆಯ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯ ಮೂಲಕ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನು ಬಿಡುವುದು ಹಳೆಯ ದುರಭ್ಯಾಸ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅವರನ್ನು ಬಿಟ್ಟು ಮಾಡಿದ ವಿಭಾಗ ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಅವರನ್ನು ಬಿಡುವುದು ನ್ಯಾಯವೂ ಅಲ್ಲ.

ಜಂಟಿ ಖಾತೆಯಲ್ಲಿ ನಿಮ್ಮ ಭಾಗವನ್ನು ಬೇರ್ಪಡಿಸಲು 11ಇ ನಕ್ಷೆ (ಭಾಗ ಮಾಡುವ ಮುನ್ನದ ಅಳತೆ ನಕ್ಷೆ), ವಿಭಾಗಪತ್ರದ ನೋಂದಣಿ, ಮ್ಯುಟೇಷನ್ (ಖಾತೆ ಬದಲಾವಣೆ), ಪೋಡಿ (ಸರ್ವೆ ನಂಬರ್ ಬೇರ್ಪಡಿಸುವುದು) ಎಲ್ಲವೂ ಆಗಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ವರ್ಷವೇ ಮುಗಿಯಲೆಂದು ಹಟ ಹಿಡಿಯಬೇಕಿಲ್ಲ, ಅರ್ಜಿ ಮಾತ್ರ ಹಾಕಿರಿ. ಮನೆಗೆ ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಡಿಜಿಟಲ್ ದಾಖಲೆ) ಇದೆಯೇ ನೋಡಿಕೊಳ್ಳಿ. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ರಾಜ್ಯದ ರೈತರ ದತ್ತಾಂಶ) ನೋಂದಣಿ ಸಂಖ್ಯೆ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ. ಸಹಾಯಧನದ ಬಿತ್ತನೆ ಬೀಜ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ.

ಹೊರಡುವ ಕಾಲ, ಶಾಲೆ, ಪಡಿತರ

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಹೊರಡಲು ಸರಿಯಾದ ಕಾಲ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಲು ಬಿಡುವು ಸಿಗುತ್ತದೆ, ಭರಣಿ ಕೃತ್ತಿಕೆಯ ಮಳೆ ಬಿದ್ದರೆ ಮೊದಲ ಉಳುಮೆಗೂ ನೀವು ಇರುತ್ತೀರಿ.

ಖಾಸಗಿ ಶಾಲೆಗಳು ಶುಲ್ಕದ ಬಾಕಿಗಾಗಿ ವರ್ಗಾವಣೆ ಪತ್ರ ತಡೆಹಿಡಿಯುವುದು ಈ ಕುಟುಂಬಗಳನ್ನು ಬಹಳ ಕಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ, ಎಂಟನೆಯ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬಂದಾಗ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ. ಮುಖ್ಯೋಪಾಧ್ಯಾಯರಿಗೆ ಇದನ್ನು ವಿನಯದಿಂದ ತಿಳಿಸಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಈ ರಕ್ಷಣೆ ಇಲ್ಲದ್ದರಿಂದ ಅವರ ಶುಲ್ಕದ ಬಾಕಿಯನ್ನು ಹೊರಡುವ ಮೊದಲೇ ಕಂತು ಮಾಡಿಯಾದರೂ ಇತ್ಯರ್ಥಪಡಿಸಿಕೊಳ್ಳಬೇಕು. ಮಗು ಹತ್ತನೆಯ ತರಗತಿಯ ನಡುವೆ ಇದ್ದರೆ ಆ ವರ್ಷ ಮುಗಿಯುವವರೆಗೆ ತಾಯಿ ಮಗು ಬಂಧುಗಳ ಮನೆಯಲ್ಲಿ ಉಳಿದು ತಂದೆ ಮೊದಲು ಊರಿಗೆ ಹೋಗುವುದು ಮೇಲು. ಮಕ್ಕಳಿಗೆ ಊರಿಗೆ ಹೋಗುತ್ತಿರುವ ಕಾರಣವನ್ನು ಸತ್ಯವಾಗಿ ಹೇಳಿ. ಅವರು ಸ್ನೇಹಿತರನ್ನು ಬಿಟ್ಟು ಬರುತ್ತಿದ್ದಾರೆ, ಆ ದುಃಖಕ್ಕೂ ಮನೆಯಲ್ಲಿ ಜಾಗವಿರಬೇಕು.

ಪಡಿತರ ಚೀಟಿಯ ವಿಳಾಸ ಬದಲಾಗುವವರೆಗೆ ಕಾಯಬೇಕಿಲ್ಲ, ಇರುವ ಚೀಟಿಯಲ್ಲಿಯೇ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅನುಕೂಲವಿದೆ. ಕಾಯಿಲೆಯಿಂದಲೇ ಸಾಲಕ್ಕೆ ಬಿದ್ದವರು ಈ ಕಾರ್ಡನ್ನು ಮೊದಲ ವಾರದಲ್ಲಿಯೇ ಮಾಡಿಸಿಕೊಳ್ಳಬೇಕು.

ದುಡಿಮೆ: ಮೊದಲು ಕೂಲಿಯ ಹಣ, ಆಮೇಲೆ ಹಸು, ಆಮೇಲೆ ಬೆಳೆ

ಖುಷ್ಕಿ ಬೇಸಾಯದಿಂದ ಹಣ ಬರುವುದು ಬಿತ್ತಿದ ಆರು ತಿಂಗಳ ಮೇಲೆ, ಅದೂ ಮಳೆ ನಡೆಸಿಕೊಟ್ಟರೆ. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ತಿಂಗಳಿಗೆ ನಗದು ತರುವ ಕೆಲಸದಲ್ಲಿ ಇರಬೇಕು. ನಗರದಲ್ಲಿ ಕಲಿತ ಕೆಲಸವೇ ಇಲ್ಲಿ ನಿಮ್ಮ ಬಂಡವಾಳ: ಮೋಟರ್ ರಿವೈಂಡಿಂಗ್, ವೆಲ್ಡಿಂಗ್, ಪ್ಲಂಬಿಂಗ್, ಚಾಲನೆ, ಹೊಲಿಗೆ, ಲೆಕ್ಕಪತ್ರ ಬರೆಯುವುದು, ಇವುಗಳಿಗೆ ಹೋಬಳಿ ಕೇಂದ್ರಗಳಲ್ಲಿ ಬೇಡಿಕೆ ಇದೆ. ಗಾರ್ಮೆಂಟ್ಸ್‌ನಲ್ಲಿ ದುಡಿದ ಹೆಣ್ಣುಮಕ್ಕಳು ಊರಿನಲ್ಲಿ ರವಿಕೆ, ಶಾಲಾ ಸಮವಸ್ತ್ರ ಹೊಲಿದು ಮನೆ ನಡೆಸುವುದು ಸಾಧ್ಯವಿರುವ ಮಾತೇ. ಕೆಲಸ ಬದಲಿಸಬೇಕಾದವರಿಗೆ ರುಡ್‌ಸೆಟ್ ಸಂಸ್ಥೆಗಳು ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಮಾದರಿಯಲ್ಲಿಯೇ ಈಗ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ತರಬೇತಿ ಸಂಸ್ಥೆಗಳಿವೆ.

ಹಸುವಿನ ವಿಷಯದಲ್ಲಿ ಕ್ರಮ ತಪ್ಪಬಾರದು: ಮೊದಲು ಮೇವು, ಆಮೇಲೆ ಹಸು. ನೀರಿನ ಅನುಕೂಲ ಸ್ವಲ್ಪವಾದರೂ ಇದ್ದರೆ ಐದು ಗುಂಟೆಯಲ್ಲಿ ನೇಪಿಯರ್ ಹುಲ್ಲಿನ ಕಡ್ಡಿ ನೆಡಿ, ಮೊದಲ ಕಟಾವಿಗೆ ಸುಮಾರು ಎರಡೂವರೆ ತಿಂಗಳು ಬೇಕು. ಮಿಶ್ರತಳಿಯ ಹಸುವೊಂದಕ್ಕೆ ದಿನಕ್ಕೆ 20ರಿಂದ 25 ಕಿಲೋ ಹಸಿ ಮೇವು, 5ರಿಂದ 6 ಕಿಲೋ ಒಣ ಮೇವು, ಅದರ ಮೈ ಕಾಪಾಡಲು ಒಂದರಿಂದ ಎರಡು ಕಿಲೋ ಹಿಂಡಿ, ಅದರ ಮೇಲೆ ಕೊಡುವ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ ಬೇಕಾಗುತ್ತದೆ. ಈ ಲೆಕ್ಕವನ್ನು ನಿಮ್ಮ ಊರಿನ ಡೇರಿಯ ದರದೊಂದಿಗೆ ಇಟ್ಟು ನೋಡಿದರೆ, ಎಲ್ಲ ಮೇವನ್ನೂ ಕೊಂಡು ಹಾಕುವವರಿಗೆ ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ತಿಳಿಯುತ್ತದೆ. ವರ್ಷದಲ್ಲಿ ಸುಮಾರು ಹತ್ತು ತಿಂಗಳು ಮಾತ್ರ ಹಾಲು, ಕರು ಹಾಕುವ ಎರಡು ತಿಂಗಳು ಮೊದಲು ಬತ್ತಿಸಬೇಕು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಕೈಯಲ್ಲಿರುವ ಹಣದಿಂದ ಒಂದೇ ಹಸು ಕೊಳ್ಳಿ. ಎರಡನೆಯ ಸೂಲಿನದಾಗಿರಲಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಎದುರಿಗೆ ಕರೆಸಿ ನೋಡಿ, ಕೆಚ್ಚಲು ಬಾವಿನ ಗುರುತಿದೆಯೇ ಎಂದು ಪಶುವೈದ್ಯರಿಂದ ಪರೀಕ್ಷಿಸಿ, ತಂದ ಕೂಡಲೇ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿ. ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯತ್ವ ಪಡೆದರೆ ಬಟವಾಡೆ ಸರಿಯಾಗಿ ಖಾತೆಗೆ ಬರುತ್ತದೆ, ಆ ಹಣ ಮನೆಯಾಕೆಯ ಖಾತೆಗೆ ಬರುವಂತೆ ಮಾಡಿ. ದನದ ಕೆಲಸವನ್ನು ಬಹುಪಾಲು ಮಾಡುವವರು ಅವರೇ ಆಗಿರುವಾಗ ಹಣವೂ ಅವರ ಕೈಯಲ್ಲಿ ಇರುವುದು ನ್ಯಾಯ.

ಬೆಳೆಯಲ್ಲಿ ಮೊದಲ ವರ್ಷ ಹೊಸ ಪ್ರಯೋಗ ಬೇಡ. ಡ್ರ್ಯಾಗನ್ ಹಣ್ಣು, ಶ್ರೀಗಂಧ, ವೆನಿಲಾ ಎಂದು ಆಸೆ ಹುಟ್ಟಿಸುವ ವಿಡಿಯೊಗಳು ಸಾಲದಿಂದ ನೊಂದವರನ್ನು ಬಹಳ ಬೇಗ ಸೆಳೆಯುತ್ತವೆ. ಅಕ್ಕಪಕ್ಕದ ಹೊಲದಲ್ಲಿ ಏನು ಬೆಳೆಯುತ್ತಾರೋ ಅದನ್ನೇ ಬೆಳೆಯಿರಿ. ಈ ಸೀಮೆಯಲ್ಲಿ ಅದು ರಾಗಿ. ಮಣ್ಣು ಪರೀಕ್ಷೆ ಮಾಡಿಸಿ, ರೈತ ಸಂಪರ್ಕ ಕೇಂದ್ರದಿಂದ ಜಿಪಿಯು-28 ಅಥವಾ ಎಂಎಲ್-365ರಂತಹ ರಾಗಿ ತಳಿಯ ಬೀಜ ತಂದು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಅಕ್ಕಡಿಯಲ್ಲಿ (ನಡುವಿನ ಮಿಶ್ರಬೆಳೆಯ ಸಾಲಿನಲ್ಲಿ) ಅವರೆ, ಅಲಸಂದೆ, ಹುಚ್ಚೆಳ್ಳು ಬಿಡಿ. ಮಳೆ ಕೈಕೊಟ್ಟರೂ ಇವುಗಳಲ್ಲಿ ಒಂದಲ್ಲ ಒಂದು ಕೈಹಿಡಿಯುತ್ತದೆ, ರಾಗಿ ಹುಲ್ಲು ಹಸುವಿನ ವರ್ಷದ ಒಣ ಮೇವಾಗುತ್ತದೆ. 2025–26ರ ಮುಂಗಾರಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ಇತ್ತು. ಮನೆಗೆ ಬೇಕಾದಷ್ಟು ವಾಡೆಗೆ ತುಂಬಿಕೊಂಡು ಉಳಿದದ್ದನ್ನು ಖರೀದಿ ಕೇಂದ್ರಕ್ಕೆ ಕೊಡಬೇಕಾದರೆ ನೋಂದಣಿಯ ದಿನಾಂಕವನ್ನು ತಪ್ಪಿಸಿಕೊಳ್ಳಬೇಡಿ. ಹಿತ್ತಲಿನಲ್ಲಿ ಎರಡು ನುಗ್ಗೆ, ಒಂದು ಕರಿಬೇವು, ಸೊಪ್ಪಿನ ಮಡಿ, ಹತ್ತು ನಾಟಿ ಕೋಳಿ ಇದ್ದರೆ ಸಂತೆಯ ಖರ್ಚು ಬಹಳಷ್ಟು ಇಳಿಯುತ್ತದೆ.

ಕೊಳವೆಬಾವಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಊರಿಗೆ ಬಂದ ತಿಂಗಳೊಳಗೆ ಯಾರಾದರೊಬ್ಬರು ಈ ಸಲಹೆ ಕೊಟ್ಟೇ ಕೊಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗದ ಬಾವಿಗಳು ಎಷ್ಟೋ ಇವೆ. ಕೊರೆಯುವ ಹಣ, ಕೇಸಿಂಗ್ ಪೈಪ್, ಪಂಪು, ವಿದ್ಯುತ್ ಸಂಪರ್ಕ ಎಲ್ಲ ಸೇರಿದರೆ ನಿಮ್ಮ ಒಂದು ವರ್ಷದ ಮನೆಖರ್ಚು ಒಂದೇ ದಿನದಲ್ಲಿ ಭೂಮಿಗೆ ಇಳಿಯುತ್ತದೆ, ಬಂದ ನೀರು ಮುಂದಿನ ಬೇಸಿಗೆಗೆ ಇರುತ್ತದೆಂಬ ಭರವಸೆಯೂ ಇಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾಗಿರುವ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಕೊರೆಯುವಂತೆಯೂ ಇಲ್ಲ. ಮೊದಲ ವರ್ಷ ಬದುಗಳನ್ನು ಸರಿಪಡಿಸಿ, ಇಳಿಜಾರಿಗೆ ಅಡ್ಡಲಾಗಿ ಉತ್ತು, ಸಹಾಯಧನ ಸಿಗುವುದಾದರೆ ಕೃಷಿ ಹೊಂಡ ತೋಡಿಸಿ, ಬಿದ್ದ ಮಳೆ ಹೊಲದಲ್ಲಿಯೇ ಇಂಗುವಂತೆ ಮಾಡುವುದಷ್ಟೇ ಸಾಕು.

ವರ್ಷದ ಕೊನೆಯ ಲೆಕ್ಕ

ಪ್ರತಿ ರಾತ್ರಿ ಬಂದದ್ದು ಹೋದದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಬಂದರೆ, ಯುಗಾದಿಯ ಹೊತ್ತಿಗೆ ನಿಮ್ಮ ಮುಂದೆ ಮೂರು ಸಂಖ್ಯೆಗಳು ಇರುತ್ತವೆ: ನಗದು ದುಡಿಮೆ ತಿಂಗಳಿಗೆ ಸರಾಸರಿ ಎಷ್ಟು, ಮನೆಖರ್ಚು ಎಷ್ಟು, ಹಳೆಯ ಸಾಲ ಎಷ್ಟು ಇಳಿದಿದೆ. ದುಡಿಮೆ ಮನೆಖರ್ಚನ್ನು ಭರಿಸಿ ಹಳೆಯ ಸಾಲದ ಕಂತನ್ನೂ ತಪ್ಪದೆ ಕಟ್ಟಿಸಿದ್ದರೆ ಮಾತ್ರ ಎರಡನೆಯ ವರ್ಷದ ಬೆಳೆಸಾಲದ ಬಗ್ಗೆ ಯೋಚಿಸಿ. ಅದನ್ನು ಖಾಸಗಿಯವರಲ್ಲಿ ಕೇಳದೆ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಕೇಳಿ. 2023ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದೆ. ಆದರೆ ನಿಮಗೆ ಸಿಗುವ ಮೊತ್ತ ಜಮೀನು, ಬೆಳೆ ಮತ್ತು ಸಂಘದ ಶಕ್ತಿಯನ್ನು ಅವಲಂಬಿಸಿರುತ್ತದೆ, ಗಡುವಿನೊಳಗೆ ಕಟ್ಟದವರಿಗೆ ಬಡ್ಡಿಯ ವಿನಾಯಿತಿ ದೊರೆಯುವುದಿಲ್ಲ. ಸಂಘದ ಷೇರು ಪಡೆದು ಸದಸ್ಯರಾಗುವ ಅರ್ಜಿಯನ್ನು ಮಾತ್ರ ಊರಿಗೆ ಬಂದ ಮೊದಲ ತಿಂಗಳಲ್ಲಿಯೇ ಕೊಟ್ಟಿರಿ. ಸಾಲ ಬೇಕಾದ ದಿನ ಸದಸ್ಯತ್ವಕ್ಕಾಗಿ ಅಲೆಯುವ ಪ್ರಮೇಯ ಬಾರದು. ದುಡಿಮೆ ಮನೆಖರ್ಚಿಗೂ ಸಾಲದೆ ಹೋಗಿದ್ದರೆ ಎರಡನೆಯ ಹಸುವನ್ನೂ ಬೆಳೆಸಾಲವನ್ನೂ ಮುಂದಿನ ಯುಗಾದಿಗೆ ಮುಂದೂಡಿ, ಜಮೀನಿನ ಅರ್ಧವನ್ನು ಈ ವರ್ಷವೂ ಅಣ್ಣನೇ ಉಳಲೆಂದು ಬಿಟ್ಟು, ಮನೆಯ ಇನ್ನೊಬ್ಬರಿಗೂ ನಗದು ದುಡಿಮೆ ಹುಡುಕುವುದು ಆ ವರ್ಷದ ಮುಖ್ಯ ಕೆಲಸವಾಗಲಿ.